ನೈಟಿಂಗೇಲ್ ಕಥೆಯನ್ನು ಮಕ್ಕಳಿಗೆ ಓದುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮೇ 12 ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಯುದ್ಧದ ಆಸ್ಪತ್ರೆಯಲ್ಲಿ ರಾತ್ರಿ ದೀಪ ಹಿಡಿದು ಸೈನಿಕರನ್ನು ನೋಡಿಕೊಂಡಳು ಅಂತ ಹೆಸರಾದ ಇಂಗ್ಲೆಂಡಿನ ದಾದಿ ಆಕೆ. ಅದನ್ನೇ ಎಲ್ಲ ಕಡೆ ದಾದಿಯರ ದಿನ ಅಂತ ಆಚರಿಸುತ್ತಾರೆ. ನಮ್ಮಲ್ಲಿ ಅದು ಬೇಸಿಗೆ ರಜೆಯ ನಡುವೆ ಬರುತ್ತದೆ. ನಾನು ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಕಥೆ ಓದುತ್ತೇನೆ. ಆ ವಾರ ಪೂರ್ತಿ ಅಪ್ಪ ಅಮ್ಮಂದಿರು, ಟೀಚರ್‌ಗಳು ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಪುಸ್ತಕದಲ್ಲಿ ಹೀಗಿದೆ, ಇದು ನಿಜವಾ? ಇಷ್ಟು ಕಟ್ಟುಕಥೆ ಮಕ್ಕಳಿಗೆ ಕೊಡಬಹುದಾ? ನನ್ನ ಅಮ್ಮ ತಾಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಹಾಗಾಗಿ ಈ ಕಥೆಯ ಮೇಲೆ ನನಗೆ ಪ್ರೀತಿಯೂ ಜಾಸ್ತಿ, ತಕರಾರೂ ಜಾಸ್ತಿ.

ಕಥೆ ಪುಸ್ತಕ ಅಂದಮೇಲೆ ಕಲ್ಪನೆ ಇದ್ದೇ ಇರುತ್ತೆ. ಅದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಕಲ್ಪನೆ ಇರಲಿ, ಬೇಕು ಕೂಡ. ಸುಮಾರು 200 ವರ್ಷದ ಹಿಂದೆ ಅಕ್ಕ ತಂಗಿ ಕಿಟಕಿ ಪಕ್ಕ ಕೂತು ಏನು ಮಾತಾಡಿಕೊಂಡರು ಅಂತ ಯಾರು ಬರೆದಿಟ್ಟಿದ್ದಾರೆ? ಆ ಮಾತನ್ನು ಕಥೆ ಬರೆಯುವವರೇ ಕಟ್ಟಬೇಕು. ಹೊರಗೆ ಮಳೆ ಸುರಿಸಬಹುದು. ಇಲ್ಲದ ಒಬ್ಬ ಹುಡುಗನನ್ನು ತರಬಹುದು. ಗೂಬೆಯ ಬಾಯಲ್ಲಿ ಕಥೆ ಹೇಳಿಸಿದರೂ ನನಗೆ ಸಂತೋಷವೇ.

ಆದರೆ ಜನ ಯಾಕೆ ಸತ್ತರು, ಯಾಕೆ ಬದುಕಿದರು ಅನ್ನುವುದನ್ನು ಮಾತ್ರ ಕಟ್ಟಬಾರದು. 'ಆಕೆ ಹಣೆ ಮುಟ್ಟಿದಳು, ಸೈನಿಕ ಕಣ್ಣು ಬಿಟ್ಟ' ಅಂತ ಬರೆದರೆ, ನರ್ಸ್ ಆಗಲು ಒಳ್ಳೆ ಮನಸ್ಸೊಂದಿದ್ದರೆ ಸಾಕು ಅಂತ ಮಗು ನಂಬುತ್ತದೆ. ಅಮ್ಮ ನೈಟ್ ಡ್ಯೂಟಿ ಮುಗಿಸಿ ಬಂದಾಗ ನಾನು ಅವರ ಕೈ ನೋಡುತ್ತಿದ್ದೆ. ಸೋಪಿನಲ್ಲಿ ತೊಳೆದೂ ತೊಳೆದೂ ಬೆರಳ ತುದಿ ಬಿಳಿಚಿಕೊಂಡು, ಗೆಣ್ಣಿನ ಹತ್ತಿರ ಚರ್ಮ ಬಿರುಕು ಬಿಟ್ಟಿರುತ್ತಿತ್ತು. ರಾತ್ರಿ ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ನಾನು ಕಥೆ ಪುಸ್ತಕದಲ್ಲಿ ಹುಡುಕುವುದು ಅಂಥ ಕೈಯನ್ನು.

ಗಾಯಗೊಂಡ ನಾಯಿಯ ಕಥೆ ನಡೆದದ್ದಾ?

ಕ್ಯಾಪ್ ಅನ್ನುವ ಕುರಿ ಕಾಯುವ ನಾಯಿ. ಯಾರೋ ಹುಡುಗರು ಕಲ್ಲು ಹೊಡೆದು ಅದರ ಕಾಲಿಗೆ ಪೆಟ್ಟಾಗುತ್ತದೆ. ಕಾಲು ಮುರಿದೇ ಹೋಯಿತು, ಇನ್ನು ಇದನ್ನು ಸಾಯಿಸುವುದೇ ದಾರಿ ಅಂತ ಕುರುಬ ರೋಜರ್ ತೀರ್ಮಾನಿಸಿರುತ್ತಾನೆ. ಫ್ಲಾರೆನ್ಸ್ ಮತ್ತು ಊರಿನ ಪಾದ್ರಿ ನೋಡಿದಾಗ ಮೂಳೆ ಮುರಿದಿಲ್ಲ, ಬರೀ ಊತ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಆಕೆ ಶಾಖ ಕೊಡುತ್ತಾಳೆ.

ತುಂಬಾ ಹಳೆಯ ಕಥೆ ಇದು, ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಬೆಳೆದಿದೆ. ಚಿತ್ರಗಳಲ್ಲಿ ಆಕೆಯನ್ನು ಏಳೆಂಟು ವರ್ಷದ ಮಗುವಾಗಿ ಬರೆಯುತ್ತಾರೆ. ಹದಿಹರೆಯದ ಹುಡುಗಿ ಅಂತ ಹೇಳುವವರೂ ಇದ್ದಾರೆ. ನಾನು ಈ ಕಥೆಯನ್ನು ಬಿಡದೆ ಓದುತ್ತೇನೆ, ಯಾಕೆಂದರೆ ಇಲ್ಲಿ ಪವಾಡ ಇಲ್ಲ. ಮೊದಲು ಮುಟ್ಟಿ ನೋಡಿದಳು, ಆಮೇಲೆ ಶಾಖ ಕೊಟ್ಟಳು. 'ನಮ್ಮಜ್ಜಿನೂ ಹಂಗೇ ಮಾಡ್ತಾರೆ' ಅಂತ ಯಾವುದಾದರೂ ಮಗು ಕೂಗಿಯೇ ಕೂಗುತ್ತದೆ.

ಮುರಿದ ಗೊಂಬೆಗಳಿಗೆ ಪಟ್ಟಿ ಕಟ್ಟುತ್ತಿದ್ದಳಂತೆ?

ಆಕೆ ಹೆಸರುವಾಸಿಯಾದ ಮೇಲೆ ಜೋರಾಗಿ ಹಬ್ಬಿದ ಕಥೆ. ಅಕ್ಕ ಗೊಂಬೆ ಮುರಿಯುತ್ತಿದ್ದಳು, ತಂಗಿ ಸರಿ ಮಾಡುತ್ತಿದ್ದಳು ಅಂತ ಹೇಳುತ್ತಾರೆ. ಅಕ್ಕನಿಗೆ ಇದರಿಂದ ಸುಮ್ನೆ ಕೆಟ್ಟ ಹೆಸರು. ನಾನು ಇದನ್ನು ಬಿಟ್ಟುಬಿಡುತ್ತೇನೆ.

ಜೇಬಿನಲ್ಲಿ ಗೂಬೆ ಇಟ್ಟುಕೊಂಡು ಓಡಾಡುತ್ತಿದ್ದಳು ಅಂತ ಇದೆ. ಇದಂತೂ ಕಟ್ಟುಕಥೆ ಅಲ್ವಾ?

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಅದು ನಿಜ! 1850ರಲ್ಲಿ ಆಕೆ ಗ್ರೀಸ್‌ಗೆ ಹೋಗಿದ್ದಾಗ, ಅಥೆನ್ಸ್‌ನ ಗುಡ್ಡದ ಮೇಲಿನ ಹಳೇ ಗುಡಿಯ ಹತ್ತಿರ ಸಿಕ್ಕ ಗೂಬೆ ಮರಿ ಅದು. ಅಥೀನಾ ಅಂತ ಹೆಸರಿಟ್ಟಳು. ಇಂಗ್ಲೆಂಡಿಗೆ ತಂದು ಸಾಕಿದಳು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಜಾತಿಯದು, ಜೇಬಿನಲ್ಲೇ ಕೂರುತ್ತಿತ್ತು. 1854ರಲ್ಲಿ ಕ್ರಿಮಿಯಾ ಯುದ್ಧದ (ರಷ್ಯಾ ವಿರುದ್ಧ ಬ್ರಿಟನ್ ಮತ್ತು ಮಿತ್ರದೇಶಗಳ ಯುದ್ಧ) ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಅದನ್ನು ಮನೆಯ ಅಟ್ಟದಲ್ಲಿ ಬಿಟ್ಟರು, ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಅದು ಸತ್ತುಹೋಯಿತು. ಫ್ಲಾರೆನ್ಸ್ ತುಂಬಾ ಅತ್ತಳು. ಆ ಗೂಬೆಯ ದೇಹವನ್ನು ಕೆಡದಂತೆ ಉಳಿಸಿದ್ದಾರೆ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಆವರಣದಲ್ಲಿರುವ ಆಕೆಯ ಮ್ಯೂಸಿಯಂನಲ್ಲಿ ಅದು ಇವತ್ತಿಗೂ ಇದೆ.

ಇದರ ಮುಂದಿನ ಭಾಗ ನನಗೆ ಇನ್ನೂ ಇಷ್ಟ. 1855ರಲ್ಲಿ ಯುದ್ಧದ ಜಾಗದಲ್ಲಿ ಆಕೆ ಜ್ವರ ಬಂದು ಸಾಯುವ ಹಾಗಾಗಿದ್ದಳು. ತಂಗಿಯ ಮನಸ್ಸು ಹಗುರಾಗಲಿ ಅಂತ ಅಕ್ಕ ಪಾರ್ಥಿನೋಪ್ ಆ ಗೂಬೆಯ ಜೀವನಕಥೆಯನ್ನು ತಾನೇ ಬರೆದು, ಚಿತ್ರ ಹಾಕಿ ಕಳಿಸಿದಳು. ಗೊಂಬೆ ಕಥೆಯ ದುಷ್ಟ ಅಕ್ಕ ಇವಳೇ. ನೈಟಿಂಗೇಲ್ ಮನೆಯ ಚಿತ್ರಕಥೆಗಳ ಪರಂಪರೆ ಶುರುವಾದದ್ದೇ ಅಕ್ಕನ ಕೈಯಿಂದ ಅನ್ನಬಹುದು.

ಅಪ್ಪ ಅಮ್ಮ ಅಷ್ಟೊಂದು ಕೆಟ್ಟವರಾ?

ವಿರೋಧ ಇತ್ತು, ಅದು ನಿಜ. ಆಗಿನ ಇಂಗ್ಲೆಂಡಿನಲ್ಲಿ ಶ್ರೀಮಂತರ ಮನೆಯ ಹುಡುಗಿ ಆಸ್ಪತ್ರೆ ಕೆಲಸಕ್ಕೆ ಹೋಗುವುದು ಮರ್ಯಾದೆಯ ಪ್ರಶ್ನೆ. 1837ರ ಫೆಬ್ರವರಿಯಲ್ಲಿ, 16ನೇ ವಯಸ್ಸಿನಲ್ಲಿ, ದೇವರು ತನ್ನನ್ನು ಸೇವೆಗೆ ಕರೆದ ಅಂತ ಆಕೆ ಬರೆದುಕೊಂಡಿದ್ದಾಳೆ. ಜರ್ಮನಿಯ ಕೈಸರ್ಸ್‌ವೆರ್ಟ್‌ನಲ್ಲಿ ಮೂರು ತಿಂಗಳು ಕೆಲಸ ಕಲಿಯಲು ಸಿಕ್ಕಿದ್ದು 1851ರಲ್ಲಿ. ಎಷ್ಟು ವರ್ಷ ಕಾದಳು ನೋಡಿ.

ಆದರೆ ಅದೇ ಅಪ್ಪ ಮಗಳಿಗೆ ಮನೆಯಲ್ಲಿ ಗ್ರೀಕ್, ಲ್ಯಾಟಿನ್, ಇತಿಹಾಸ ಕಲಿಸಿದವನು. 1853ರಲ್ಲಿ ವರ್ಷಕ್ಕೆ 500 ಪೌಂಡ್ ಕೊಟ್ಟು ಸ್ವಂತ ಕಾಲ ಮೇಲೆ ನಿಲ್ಲಿಸಿದವನು. ಅವನನ್ನು ಬರೀ ಖಳನಾಯಕ ಮಾಡಿದರೆ ಅನ್ಯಾಯ. ನನ್ನ ಅಮ್ಮ ನರ್ಸಿಂಗ್ ಸೇರುವಾಗಲೂ ನಮ್ಮ ಮನೆಯಲ್ಲಿ ದೊಡ್ಡ ಗಲಾಟೆ ಆಗಿತ್ತಂತೆ. ಕೊನೆಗೆ ಟ್ರಂಕು ಹೊತ್ತುಕೊಂಡು ಬಸ್ ಹತ್ತಿಸಿದವರು ಬೇಡ ಬೇಡ ಅಂದಿದ್ದ ಅಜ್ಜನೇ. ಜನ ಹಾಗೆಯೇ ಇರುತ್ತಾರೆ, ಮಕ್ಕಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ.

ಆ ದೀಪ ಹೇಗಿತ್ತು?

ಚಿತ್ರಗಳಲ್ಲಿ ಮೂತಿ ಇರುವ ಎಣ್ಣೆ ದೀಪ ಇರುತ್ತದೆ, ಅಲ್ಲಾವುದ್ದೀನನ ದೀಪದ ಹಾಗೆ. ನಿಜವಾದದ್ದು ತುರ್ಕಿಯ ಫಾನೂಸ್. ಮಡಚಬಹುದಾದ ಲಾಂದ್ರ. ಕೆಳಗೊಂದು ತಟ್ಟೆ, ಮೇಲೊಂದು ಮುಚ್ಚಳ, ನಡುವೆ ನೆರಿಗೆ ನೆರಿಗೆಯಾದ ಗೋಡೆ, ಒಳಗೆ ಮೇಣದ ಬತ್ತಿ. ಹಾರ್ಮೋನಿಯಂ ತಿದಿ ಹಿಗ್ಗುವ ಹಾಗೆ ಹಿಗ್ಗುತ್ತದೆ.

ಶಿಬಿರದಲ್ಲಿ ಇದನ್ನು ಮಾಡಿಸುತ್ತೇನೆ. ತೆಳು ಡ್ರಾಯಿಂಗ್ ಶೀಟನ್ನು ಬೀಸಣಿಗೆ ಮಾಡುವ ಹಾಗೆ ಬೆರಳಗಲಕ್ಕೆ ಮಡಚಿ, ಬಿಡಿಸಿ, ಸುತ್ತಿ ಅಂಟಿಸುವುದು. ಕೆಳಗೆ ಸಿಹಿತಿಂಡಿ ಡಬ್ಬದ ಮುಚ್ಚಳ. ಒಳಗೆ ಬೆಂಕಿ ಬೇಡ, ಸಣ್ಣ ಟಾರ್ಚ್ ಸಾಕು. ಕೋಣೆ ಕತ್ತಲು ಮಾಡಿದರೆ ಗೋಡೆಯ ಮೇಲೆ ನೆರಿಗೆಗಳ ನೆರಳು ಬೀಳುತ್ತದೆ. ಹೋದ ವರ್ಷ ಒಬ್ಬ ಹುಡುಗ ಅದನ್ನು ಹಿಡಿದು ಸಾಲಾಗಿ ಮಲಗಿದ್ದ ಮಕ್ಕಳ ನಡುವೆ ನಡೆದ. ಸ್ವಲ್ಪ ಹೊತ್ತಾದ ಮೇಲೆ 'ಮಿಸ್, ಕೈ ನೋಯ್ತಿದೆ' ಅಂದ. ಪತ್ರವೊಂದರಲ್ಲಿ ಆಕೆ ಬರೆದ ಸಾಲು ಅವತ್ತು ಎಲ್ಲರಿಗೂ ಅರ್ಥವಾಯಿತು. ಆಸ್ಪತ್ರೆಯ ಹಾಸಿಗೆಗಳನ್ನು ಸಾಲಾಗಿ ಎಣಿಸಿದರೆ 4 ಮೈಲಿ ಆಗುತ್ತದೆ, ಒಂದಕ್ಕೊಂದು 18 ಇಂಚು ಕೂಡ ಜಾಗ ಇಲ್ಲ ಅಂತ.

ದೀಪದ ಹೆಸರು ಹಬ್ಬಿಸಿದ್ದು ಪತ್ರಿಕೆಗಳು. ವೈದ್ಯರೆಲ್ಲ ಮಲಗಿದ ಮೇಲೆ ಆಕೆ ಒಬ್ಬಳೇ ದೀಪ ಹಿಡಿದು ಸುತ್ತುತ್ತಾಳೆ ಅಂತ ಲಂಡನ್ನಿನ ಟೈಮ್ಸ್ ವರದಿ ಮಾಡಿತು. 1855ರ ಫೆಬ್ರವರಿಯಲ್ಲಿ ಇನ್ನೊಂದು ಪತ್ರಿಕೆ ಚಿತ್ರ ಹಾಕಿತು. 1857ರಲ್ಲಿ ಅಮೆರಿಕದ ಕವಿ ಲಾಂಗ್‌ಫೆಲೋ ಪದ್ಯ ಬರೆದ. ಅಲ್ಲಿಂದ ಮುಂದೆ ಆಕೆಯ ಕೈಯಿಂದ ದೀಪ ಇಳಿಯಲೇ ಇಲ್ಲ. ಕನ್ನಡದಲ್ಲೂ ದೀಪಧಾರಿಣಿ ಅಂತಲೇ ಕರೆದೆವು.

ಆಕೆ ಯುದ್ಧಭೂಮಿಯಲ್ಲಿ ಗುಂಡುಗಳ ನಡುವೆ ಓಡುವ ಚಿತ್ರ ಇದೆ. ಸರಿಯಾ?

ಸರಿಯಲ್ಲ. ಯುದ್ಧ ನಡೆದದ್ದು ಕ್ರಿಮಿಯಾದಲ್ಲಿ. ಆಕೆಯ ಆಸ್ಪತ್ರೆ ಇದ್ದದ್ದು ಕಪ್ಪು ಸಮುದ್ರದ ಆಚೆ, ಸ್ಕುಟಾರಿಯಲ್ಲಿ. ಅಂದರೆ ಇವತ್ತಿನ ಇಸ್ತಾಂಬುಲ್‌ನ ಉಸ್ಕುದಾರ್. ಗಾಯಾಳುಗಳನ್ನು ಹಡಗಿನಲ್ಲಿ ಅಲ್ಲಿಗೆ ತರುತ್ತಿದ್ದರು, ಎಷ್ಟೋ ಜನ ದಾರಿಯಲ್ಲೇ ಸಾಯುತ್ತಿದ್ದರು. ಕ್ರಿಮಿಯಾಕ್ಕೆ ಆಕೆ ಮೊದಲು ಹೋಗಿದ್ದು 1855ರ ಮೇ ತಿಂಗಳಲ್ಲಿ. ಜ್ವರ ಹತ್ತಿಕೊಂಡದ್ದು ಅಲ್ಲೇ. ಗೋಡೆಗೆ ಒಂದು ಭೂಪಟ ನೇತುಹಾಕಿ, ಐದು ನಿಮಿಷದ ಕೆಲಸ.

ಆಕೆ ಬಂದ ಕೂಡಲೇ ಸಾವು ನಿಂತಿತು ಅಂತ ಬಹಳ ಪುಸ್ತಕಗಳಲ್ಲಿದೆ.

ನನ್ನ ದೊಡ್ಡ ತಕರಾರು ಇದೇ. ಆಕೆ ಸ್ಕುಟಾರಿ ತಲುಪಿದ್ದು 1854ರ ನವೆಂಬರ್ 4ಕ್ಕೆ. ಆ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ, ಏರಿತು. ನೆಲ ಉಜ್ಜಿಸಿದಳು. ಬೇರೆ ಮನೆ ಬಾಡಿಗೆಗೆ ಹಿಡಿದು, ನೀರು ಕಾಯಿಸುವ ಹಂಡೆ ಇಡಿಸಿ, ಸೈನಿಕರ ಹೆಂಡತಿಯರಿಗೆ ಕೂಲಿ ಕೊಟ್ಟು ಬಟ್ಟೆ ಒಗೆಸಿದಳು. ಅಂಗಿ, ಸಾಕ್ಸ್, ತಟ್ಟೆ, ಚಮಚ ತರಿಸಿದಳು. ಸತ್ತವರ ಮನೆಗೆ ಪತ್ರ ಬರೆದಳು. ಆದರೂ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ 42ಕ್ಕೆ ಮುಟ್ಟಿತು.

ಕಾರಣ ಕಾಲ ಕೆಳಗಿತ್ತು. ಆ ದೊಡ್ಡ ಕಟ್ಟಡ ನಿಂತಿದ್ದದ್ದು ಕಟ್ಟಿಕೊಂಡ ಮೋರಿಗಳ ಮೇಲೆ. ಗಾಳಿ ಬೀಸಿದರೆ ಕಕ್ಕಸಿನ ಕೊಳವೆಗಳಿಂದ ಗಬ್ಬುವಾಸನೆ ನೇರ ವಾರ್ಡುಗಳಿಗೆ ಬರುತ್ತಿತ್ತು. ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆ ಕೊಳೆಯುತ್ತಾ ಬಿದ್ದಿತ್ತು. 1855ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ನೈರ್ಮಲ್ಯ ಆಯೋಗ ಬಂದು ಮೋರಿ ತೊಳೆಸಿತು, ಸತ್ತ ಪ್ರಾಣಿಗಳನ್ನು ಹೊರಗೆ ಹಾಕಿಸಿತು, ಗೋಡೆಗೆ ಸುಣ್ಣ ಬಳಿಸಿತು, ಗಾಳಿಗೆ ದಾರಿ ಮಾಡಿತು. ಜೂನ್ ಹೊತ್ತಿಗೆ ಸಾವು ನೂರಕ್ಕೆ 2ರ ಹತ್ತಿರ ಇಳಿದಿತ್ತು.

ಫ್ಲಾರೆನ್ಸ್ ಇದನ್ನು ಮುಚ್ಚಿಡಲಿಲ್ಲ. ಮನೆಗೆ ಮರಳಿದ ಮೇಲೆ ಅಂಕಿಅಂಶ ತಜ್ಞ ವಿಲಿಯಂ ಫಾರ್ ಜೊತೆ ಕೂತು ಲೆಕ್ಕ ಹಾಕಿದಳು. ಹೆಚ್ಚಿನವರು ಸತ್ತದ್ದು ಗಾಯದಿಂದಲ್ಲ, ಕಾಲರಾ, ಭೇದಿ, ವಿಷಮಶೀತ ಜ್ವರದಂಥ ರೋಗಗಳಿಂದ ಅಂತ ತೋರಿಸಿದಳು. ತಾನೇ ನಡೆಸಿದ ಆಸ್ಪತ್ರೆಯ ಸಾವಿನ ಲೆಕ್ಕವನ್ನು ಎಲ್ಲರ ಎದುರು ಬಿಚ್ಚಿಡಲು ಎಂಥ ಎದೆ ಬೇಕು! ನನಗೆ ಆಕೆ ದೊಡ್ಡವಳಾಗಿ ಕಾಣುವುದು ಇಲ್ಲಿಯೇ. ಮಕ್ಕಳಿಗೂ ಈ ಭಾಗ ಬೋರ್ ಆಗಲ್ಲ. ಮೋರಿ, ಕಕ್ಕಸು, ಸತ್ತ ಕುದುರೆ ಅಂದರೆ ಕಿವಿ ನೆಟ್ಟಗಾಗುತ್ತದೆ. 'ಹಾಗಾದ್ರೆ ಮೋರಿ ತೊಳೆದವರ ಹೆಸರೇನು?' ಅಂತ ಒಮ್ಮೆ ಒಬ್ಬಳು ಕೇಳಿದಳು. ಅಷ್ಟು ಒಳ್ಳೆ ಪ್ರಶ್ನೆಯನ್ನು ನಾನು ದೊಡ್ಡವರಿಂದ ಕೇಳಿಲ್ಲ.

ಇನ್ನೊಂದು. ಯಾವುದಾದರೂ ಕಥೆಯಲ್ಲಿ ಆಕೆ 1854ರಲ್ಲಿ 'ರೋಗಾಣು ಹರಡುತ್ತವೆ, ಕೈ ತೊಳೆಯಿರಿ' ಅಂದರೆ ಅಲ್ಲಿ ನಿಲ್ಲಿಸಿ. ರೋಗಾಣುಗಳ ಸಿದ್ಧಾಂತ ಆಗಿನ್ನೂ ನೆಲೆಯೂರಿರಲಿಲ್ಲ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಅಂತ ಆಗಿನವರ ಹಾಗೆ ಆಕೆಯೂ ನಂಬಿದ್ದಳು.

ಒಬ್ಬಳೇ ಹೋಗಿದ್ದಳಾ?

ಇಲ್ಲ. ಜೊತೆಗೆ 38 ಹೆಂಗಸರಿದ್ದರು. ಕ್ಯಾಥೊಲಿಕ್ ಸನ್ಯಾಸಿನಿಯರು, ಇಂಗ್ಲೆಂಡಿನ ಚರ್ಚಿನ ಸಿಸ್ಟರ್‌ಗಳು, ಆಸ್ಪತ್ರೆಗಳಲ್ಲಿ ಕೂಲಿಗೆ ದುಡಿದ ನರ್ಸ್‌ಗಳು. ಆಮೇಲೆ ಇನ್ನೂ ತಂಡಗಳು ಬಂದವು. ಅದರಲ್ಲಿ ವೇಲ್ಸ್‌ನ ಬೆಟ್ಸಿ ಕಡ್ವಾಲಡರ್ ಅನ್ನುವ ಅರವತ್ತು ದಾಟಿದ ಹೆಂಗಸೂ ಇದ್ದಳು. ಅವಳಿಗೂ ಫ್ಲಾರೆನ್ಸ್‌ಗೂ ಸರಿಹೋಗಲಿಲ್ಲ, ಅವಳು ಕ್ರಿಮಿಯಾದ ಬಂದರು ಊರು ಬಲಕ್ಲಾವಾಗೆ ಹೋಗಿ ಅಲ್ಲಿ ದುಡಿದಳು. ಅಲೆಕ್ಸಿಸ್ ಸೊಯೆ ಅನ್ನುವ ಹೆಸರಾಂತ ಅಡುಗೆಯವನೊಬ್ಬ 1855ರಲ್ಲಿ ಸ್ವಂತ ಖರ್ಚಿನಲ್ಲಿ ಬಂದು ಆಸ್ಪತ್ರೆಯ ಅಡುಗೆಮನೆಯನ್ನೇ ಬದಲಾಯಿಸಿದ. ಅವನು ರೂಪಿಸಿದ ಒಲೆಯನ್ನು ಬ್ರಿಟಿಷ್ ಸೇನೆ ನೂರು ವರ್ಷಕ್ಕೂ ಜಾಸ್ತಿ ಬಳಸಿತು. ಒಲೆ ಕಥೆ ಯಾಕೆ ಯಾರೂ ಮಕ್ಕಳಿಗೆ ಬರೆಯಲ್ಲವೋ!

ಮೇರಿ ಸೀಕೋಲ್ ಬಗ್ಗೆಯೂ ಹೇಳಬೇಕಾ?

ಹೇಳಲೇಬೇಕು. ಜಮೈಕಾದ ಕಿಂಗ್ಸ್ಟನ್‌ನಲ್ಲಿ 1805ರಲ್ಲಿ ಹುಟ್ಟಿದವಳು, ಅಮ್ಮನಿಂದ ನಾಟಿ ಮದ್ದು ಕಲಿತವಳು. ನರ್ಸ್‌ಗಳ ತಂಡಕ್ಕೆ ಸೇರಲು ಲಂಡನ್ನಿನಲ್ಲಿ ಕೇಳಿದಳು, ತೆಗೆದುಕೊಳ್ಳಲಿಲ್ಲ. ತನ್ನ ಮೈಬಣ್ಣ ಕಾರಣವಾ ಅಂತ ಮನಸ್ಸಿಗೆ ಚುಚ್ಚಿತು ಅಂತ 1857ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾಳೆ. ತಾನೇ ಹಣ ಹೊಂದಿಸಿ ಬಲಕ್ಲಾವಾ ಹತ್ತಿರ ಊಟ, ಸಾಮಾನು, ಮದ್ದು ಎಲ್ಲ ಸಿಗುವ ಒಂದು ಮನೆ ತೆರೆದಳು. ದಾರಿಯಲ್ಲಿ ಸ್ಕುಟಾರಿಯಲ್ಲಿ ಒಂದು ರಾತ್ರಿ ತಂಗಲು ಜಾಗ ಕೇಳಿದಾಗ ಇಬ್ಬರೂ ಭೇಟಿಯಾಗಿದ್ದರು.

ಈಚಿನ ಕೆಲವು ಕಥೆಗಳಲ್ಲಿ ಒಬ್ಬಳನ್ನು ಎತ್ತಲು ಇನ್ನೊಬ್ಬಳನ್ನು ತುಳಿಯುತ್ತಾರೆ. ಬೇಡ. ಇಬ್ಬರ ಕೆಲಸವೂ ಬೇರೆ, ದಾರಿಯೂ ಬೇರೆ. ಎರಡು ದಿನ, ಎರಡು ಕಥೆ.

ಗಣಿತ ಮಕ್ಕಳಿಗೆ ಕಷ್ಟ ಆಗಲ್ವಾ?

ರಂಗೋಲಿ ಬರುತ್ತದಲ್ಲ, ಸಾಕು. 1858ರಲ್ಲಿ ಆಕೆ ಮುದ್ರಿಸಿದ ಚಿತ್ರ 12 ಎಸಳಿನ ಹೂವಿನ ಹಾಗಿದೆ. ಒಂದೊಂದು ಎಸಳು ಒಂದೊಂದು ತಿಂಗಳು. ನೀಲಿ ಅಂದರೆ ತಡೆಯಬಹುದಾಗಿದ್ದ ರೋಗದ ಸಾವು, ಕೆಂಪು ಗಾಯದ್ದು, ಕಪ್ಪು ಉಳಿದದ್ದು. ನಾವು ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಸಳು ಎಳೆದು ರಂಗೋಲಿ ಪುಡಿ ತುಂಬುತ್ತೇವೆ. ಜನವರಿಯ ಎಸಳು ತುಂಬುವಾಗ ನೀಲಿ ಪುಡಿ ಮುಗಿದುಹೋಯಿತು. ಕೆಂಪು ಡಬ್ಬ ಹಾಗೇ ಉಳಿದಿತ್ತು. ವಿವರಿಸುವ ಅಗತ್ಯವೇ ಬರಲಿಲ್ಲ. ಅದೇ 1858ರಲ್ಲಿ ಲಂಡನ್ನಿನ ಅಂಕಿಅಂಶ ಸಂಘ ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

ಆಕೆ ಭಾರತಕ್ಕೆ ಬಂದಿದ್ದಳಾ?

ಒಮ್ಮೆಯೂ ಇಲ್ಲ. 1857ರಿಂದ ಆಕೆಗೆ ಆರೋಗ್ಯ ಕೈಕೊಟ್ಟಿತು, ಬಹಳ ವರ್ಷ ಹಾಸಿಗೆಯಿಂದಲೇ ಕೆಲಸ ಮಾಡಿದಳು. ಭಾರತದಲ್ಲಿದ್ದ ಬ್ರಿಟಿಷ್ ಸೇನಾ ನೆಲೆಗಳಿಗೆಲ್ಲ ಪ್ರಶ್ನೆಪಟ್ಟಿ ಕಳಿಸಿ, ನೀರು ಎಲ್ಲಿಂದ ಬರುತ್ತದೆ, ಚರಂಡಿ ಎಲ್ಲಿ ಹೋಗುತ್ತದೆ ಅಂತ ಕೇಳಿಸಿದಳು. 1863ರಲ್ಲಿ ಬಂದ ಆ ದಪ್ಪ ವರದಿಯಲ್ಲಿ ಬೆಂಗಳೂರಿನ ದಂಡು ಪ್ರದೇಶವೂ ಸೇರಿದೆ. ಆಮೇಲೆ ಇಲ್ಲಿನ ಹಳ್ಳಿಗಳ ನೈರ್ಮಲ್ಯ, ಬರ, ನೀರಾವರಿ ಬಗ್ಗೆ ದಶಕಗಟ್ಟಲೆ ಬರೆದಳು. ಆಕೆ ಭಾರತದಲ್ಲಿ ಸುತ್ತಾಡಿದಳು ಅಂತ ಕಥೆ ಕಟ್ಟಬೇಡಿ.

ನರ್ಸಿಂಗ್ ಕಾಲೇಜಿನಲ್ಲಿ ದೀಪ ಹಿಡಿದು ಹೇಳುವ ಪ್ರತಿಜ್ಞೆ ಆಕೆ ಬರೆದದ್ದಾ?

ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಜೊತೆಗಾರರು ಬರೆದು ಆಕೆಯ ಹೆಸರಿಟ್ಟರು. ಆಕೆ ಮಾಡಿದ್ದು 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸ್‌ಗಳ ಶಾಲೆ ತೆರೆದದ್ದು.

ಎಷ್ಟನೇ ವಯಸ್ಸಿಗೆ ಓದಿಕೊಡಬಹುದು? ಯುದ್ಧ, ಸಾವು ಇದೆಯಲ್ಲ?

ನಾಲ್ಕೈದು ವರ್ಷದವರಿಗೆ ಗೂಬೆ ಮತ್ತು ನಾಯಿ ಸಾಕು. ಎಂಟು ದಾಟಿದವರು ಸ್ಕುಟಾರಿಗೆ ಬರಬಹುದು. ಸಾವನ್ನು ಬಚ್ಚಿಡಬೇಡಿ, ಹಾಗಂತ ರಕ್ತ ಸುರಿಸಿ ಹೆದರಿಸುವುದೂ ಬೇಡ. ಓದಿ ಮುಗಿಸಿದ ಮೇಲೆ 'ಇದರಲ್ಲಿ ಯಾವುದು ನಿಜ ಅನ್ನಿಸುತ್ತೆ?' ಅಂತ ಕೇಳಿ. ಗೂಬೆ ಸುಳ್ಳು ಅನ್ನುತ್ತಾರೆ, ಅಲ್ಲಾವುದ್ದೀನನ ದೀಪ ನಿಜ ಅನ್ನುತ್ತಾರೆ. ಅಲ್ಲಿಂದ ಮಾತು ಶುರು.

ಆಕೆಯ ದನಿ ಕೇಳಲು ಸಿಗುತ್ತದೆ ಅಂತಾರೆ, ಹೌದಾ?

ಹೌದು. 1890ರ ಜುಲೈ 30ರಂದು ಮೇಣದ ಸಿಲಿಂಡರಿನ ಮೇಲೆ ದನಿ ಮುದ್ರಿಸಿದರು, ಕಷ್ಟದಲ್ಲಿದ್ದ ಹಳೇ ಸೈನಿಕರಿಗೆ ಹಣ ಕೂಡಿಸಲು. ಆಗ ಆಕೆಗೆ 70 ವರ್ಷ. ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುತ್ತದೆ. ಚರಪರ ಸದ್ದಿನ ನಡುವೆ, ಬಲಕ್ಲಾವಾದ ಹಳೇ ಸಂಗಾತಿಗಳನ್ನು ದೇವರು ಕಾಪಾಡಲಿ ಅಂತ ಹರಸುತ್ತಾಳೆ. ಕೊನೆಗೆ ತನ್ನ ಹೆಸರು ಹೇಳುತ್ತಾಳೆ. ಎರಡು ಸಲ ಹಾಕಿ, ಮೊದಲ ಸಲ ಯಾರಿಗೂ ಏನೂ ತಿಳಿಯಲ್ಲ.

ಕನ್ನಡದಲ್ಲಿ ನಾನೇ ಒಂದು ಕಥೆ ಬರೆಯಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ದೀಪದಿಂದ ಬೇಡ. ನಾನಾದರೆ ಕೊನೆಯಿಂದ ಶುರು ಮಾಡುತ್ತೇನೆ. 1856ರ ಆಗಸ್ಟ್. ಯುದ್ಧ ಮುಗಿದಿದೆ. ಆಕೆಯನ್ನು ಬ್ಯಾಂಡು ಬಾರಿಸಿ ಸ್ವಾಗತಿಸಲು ಇಂಗ್ಲೆಂಡ್ ಕಾಯುತ್ತಿದೆ. ಆಕೆ 'ಮಿಸ್ ಸ್ಮಿತ್' ಅಂತ ಬೇರೆ ಹೆಸರಿನಲ್ಲಿ ಪ್ರಯಾಣ ಮಾಡಿ, ಡರ್ಬಿಶೈರ್‌ನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ. ಮನೆಯವರಿಗೂ ಹೇಳಿಲ್ಲ. ದಿಬ್ಬದ ದಾರಿಯಲ್ಲಿ ನಡೆದುಕೊಂಡೇ ಮನೆ ಕಡೆ ಹೋಗುತ್ತಾಳೆ. ತಲೆಗೂದಲು ಜ್ವರದಲ್ಲಿ ಕತ್ತರಿಸಿದ್ದು ಇನ್ನೂ ಗಿಡ್ಡ. ಅಟ್ಟದಲ್ಲಿ ಗೂಬೆ ಇಲ್ಲ. ದಾರಿಯಲ್ಲಿ ಯಾರೋ ಒಂದು ಮಗು ಎದುರಾಗಿ 'ನೀವು ಯಾರು?' ಅಂತ ಕೇಳುತ್ತದೆ. ಆ ಮಗು ಯಾರು, ಆಕೆ ಏನು ಹೇಳಿದಳು ಅನ್ನುವುದನ್ನು ನೀವು ಕಟ್ಟಿ.